ಎರೆಭೂಮಿಯ ಹೂಮಡಿಗೆ ಕಡಿಮೆ ಖರ್ಚಿನ ಅಂಚು

ಮನೆಯಂಗಳದಲ್ಲಿ ಒಂದು ಹೂಮಡಿ ಇದ್ದರೆ ಪೂಜೆಗೆ, ಮುಡಿಗೆ ಹೂ ಕೊಳ್ಳುವ ಖರ್ಚು ಉಳಿಯುತ್ತದೆ. ದಸರಾ, ದೀಪಾವಳಿಯ ಹೊತ್ತಿಗೆ ಮಿಕ್ಕ ಚೆಂಡುಹೂವು ನಾಲ್ಕು ಕಾಸನ್ನೂ ತರುತ್ತದೆ. ಆದರೆ ರೂಪನಗುಡಿ, ಕುರುಗೋಡು, ಸಿರುಗುಪ್ಪ ಭಾಗದ ಎರೆಭೂಮಿಯಲ್ಲಿ ಅಂಚಿಲ್ಲದ ಮಡಿ ಜೋರು ಮಳೆಗೆ ಕರಗಿ ಹರಿದುಹೋಗುತ್ತದೆ. ಹಾಕಿದ ಗೊಬ್ಬರವೂ ಅದರ ಜೊತೆಗೇ ಹೋಗುತ್ತದೆ. ಇದನ್ನು ತಡೆಯಲೆಂದು ಕೆಲವರು ಇಟ್ಟಿಗೆ, ಸಿಮೆಂಟು ತಂದು ಅಂಚು ಕಟ್ಟಿಸುತ್ತಾರೆ. ಇದಕ್ಕೆ ಖರ್ಚು ಹೆಚ್ಚು, ಬಾಳಿಕೆ ಕಡಿಮೆ. ಎರೆಭೂಮಿಗೆ ಸಿಮೆಂಟಿಲ್ಲದ ಅಂಚೇ ಮೇಲು.

ಸಿಮೆಂಟಿನ ಅಂಚು ಏಕೆ ಸೀಳುತ್ತದೆ?

ಎರೆಮಣ್ಣಿನಲ್ಲಿ ಜಿಗುಟಿನ ಅಂಶ ಬಹಳ. ನೀರು ಕುಡಿದಾಗ ಅದು ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರುಕು ಬಿಡುತ್ತದೆ. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಅಗಲದ ಬಿರುಕುಗಳನ್ನು ಹೊಲದಲ್ಲಿ ಎಲ್ಲರೂ ನೋಡಿದ್ದೇವೆ. ಬಳ್ಳಾರಿ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 500 ಮಿ.ಮೀ. ಅದರಲ್ಲಿ ಹೆಚ್ಚಿನ ಪಾಲು ಸೆಪ್ಟೆಂಬರ್, ಅಕ್ಟೋಬರ್ ತಿಂಗಳಲ್ಲೇ ಬೀಳುತ್ತದೆ. ಹೀಗಾಗಿ ನೆಲ ಕೆಲವು ವಾರ ಉಬ್ಬಿ, ಉಳಿದ ಕಾಲ ಕುಗ್ಗುತ್ತಿರುತ್ತದೆ. ಆಳದ ಅಡಿಪಾಯವಿಲ್ಲದ ಸಿಮೆಂಟಿನ ಅಂಚು ಈ ಏರಿಳಿತವನ್ನು ತಾಳದೆ ಸೀಳುತ್ತದೆ. ಬಿಡಿಯಾಗಿ ಜೋಡಿಸಿದ ಕಲ್ಲು, ಇಟ್ಟಿಗೆ ನೆಲದ ಜೊತೆಗೇ ಅಲುಗಾಡುತ್ತವೆ, ಸೀಳುವುದಿಲ್ಲ. ಒಂದು ಕಲ್ಲು ಸರಿದರೆ ಅದೊಂದನ್ನೇ ಎತ್ತಿ ಮತ್ತೆ ಕೂರಿಸಬಹುದು.

ಮಡಿ ಮತ್ತು ಕಾಲುವೆ

ಮಡಿಯ ಅಗಲ 1 ಮೀಟರಿಗಿಂತ ಹೆಚ್ಚು ಬೇಡ. ಆಗ ಎರಡೂ ಬದಿಯಿಂದ ಕೈ ಎಟುಕುತ್ತದೆ, ಒಳಗೆ ಕಾಲಿಡಬೇಕಾಗಿಲ್ಲ. ಉದ್ದ 3 ಮೀಟರ್ ಇಟ್ಟರೆ ಸುತ್ತಳತೆ 8 ಮೀಟರ್ ಆಗುತ್ತದೆ. ನೀರು ನಿಲ್ಲದಂತೆ ಮಡಿಯನ್ನು ನೆಲಮಟ್ಟದಿಂದ ಸುಮಾರು 15 ಸೆಂ.ಮೀ. ಎತ್ತರಿಸಿ, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಸೇರಿಸಬೇಕು.

ಅಂಚಿನ ಕೆಲಸವನ್ನು ಮಣ್ಣು ಹದವಾಗಿರುವಾಗ ಮಾಡಬೇಕು. ಒಣಗಿ ಬಿರಿದ ನೆಲದಲ್ಲಿ ಕೂರಿಸಿದ ಕಲ್ಲು ಮಳೆಗೆ ಮೇಲೇಳುತ್ತದೆ. ಕೆಸರಿನಲ್ಲಿ ಕೂರಿಸಿದ್ದು ಬೇಸಿಗೆಯಲ್ಲಿ ಸಡಿಲವಾಗುತ್ತದೆ. ಮಡಿಯ ಸುತ್ತ ಒಂದು ಗೇಣು ಅಗಲ, ಅಷ್ಟೇ ಆಳದ ಕಾಲುವೆ ತೆಗೆದು, ತಳದಲ್ಲಿ ನಾಲ್ಕು ಬೆರಳು ಗರಸು ಹಾಕಿ ದಿಮ್ಮಸು ಮಾಡಬೇಕು. ಗರಸು ಎರೆಮಣ್ಣಿನಂತೆ ಉಬ್ಬುವುದಿಲ್ಲ. ಇಷ್ಟಾದರೆ ಅರ್ಧ ಕೆಲಸ ಮುಗಿದಂತೆ.

ಕಲ್ಲಿನ ಅಂಚು

ಬಳ್ಳಾರಿ, ಕುರುಗೋಡಿನ ಸುತ್ತ ಕಲ್ಲುಗುಡ್ಡಗಳಿಗೆ ಕೊರತೆಯಿಲ್ಲ. ಮನೆ ಕಟ್ಟುವಾಗ ಉಳಿದ ಕಲ್ಲು, ನೆಲಕ್ಕೆ ಹಾಸಿ ಮಿಕ್ಕ ಕಡಪ ಬಂಡೆಯ ತುಂಡುಗಳು ಊರಲ್ಲಿ ಎಲ್ಲಾದರೂ ಬಿದ್ದಿರುತ್ತವೆ. ಕಲ್ಲಿನ ಅರ್ಧಭಾಗ ಕಾಲುವೆಯೊಳಗೆ ಇರುವಂತೆ ಕೂರಿಸಿ, ಬಂಡೆಯ ತುಂಡುಗಳನ್ನು ಅಂಚಿನ ಮೇಲೆ ನಿಲ್ಲಿಸಿ, ಎರಡೂ ಬದಿಗೆ ಗರಸು ತುಂಬಿ ಬಡಿಯಬೇಕು. ಸಂದುಗಳನ್ನು ಖಾಲಿ ಬಿಡಬಾರದು. ಅಲ್ಲಿ ಚೇಳು ಸೇರುತ್ತದೆ.

ಇಟ್ಟಿಗೆಯ ಅಂಚು

23 ಸೆಂ.ಮೀ. ಉದ್ದದ ಇಟ್ಟಿಗೆಯನ್ನು ಒಂದರ ಹಿಂದೊಂದು ಮಲಗಿಸಿದರೆ 8 ಮೀಟರಿಗೆ ಸುಮಾರು 35 ಸಾಕು. ಗರಗಸದ ಹಲ್ಲಿನಂತೆ ಓರೆಯಾಗಿ ಒಂದಕ್ಕೊಂದು ಒರಗಿಸಿ ನಿಲ್ಲಿಸಿದರೆ ನೋಟ ಚೆಂದ, ಆದರೆ ಸುಮಾರು 75 ಬೇಕು. ಓರೆ ಅಂಚಿಗೆ ಮುರಿದ ಇಟ್ಟಿಗೆಯೂ ಆಗುತ್ತದೆ, ಏಕೆಂದರೆ ಮುರಿದ ತುದಿ ನೆಲದೊಳಗೆ ಹೋಗುತ್ತದೆ. ಚೆನ್ನಾಗಿ ಬೆಂದ ಇಟ್ಟಿಗೆಯನ್ನೇ ಆರಿಸಿಕೊಳ್ಳಿ. ಅರೆಬೆಂದದ್ದು ಒಂದೆರಡು ಮಳೆಗೆ ಪುಡಿಯಾಗುತ್ತದೆ.

ಜಾಲಿ ಗೂಟದ ಅಂಚು

ಬಳ್ಳಾರಿ ಜಾಲಿಗೆ ನಮ್ಮ ಸೀಮೆಯ ಹೆಸರೇ ಅಂಟಿಕೊಂಡಿದೆ. ಬದುವಿನಲ್ಲಿ, ಹಳ್ಳದ ದಂಡೆಯಲ್ಲಿ ಕಾಟ ಕೊಡುವ ಈ ಗಿಡವನ್ನು ಕಡಿದಾಗ ಹೆಬ್ಬೆರಳು ದಪ್ಪದ ಕಟ್ಟಿಗೆಯನ್ನು ಉಳಿಸಿಕೊಳ್ಳಿ. ಮುಳ್ಳು ಸವರಿ, ಪೂರ್ತಿ ಒಣಗಿಸಿ, ಒಂದೂವರೆ ಗೇಣಿನ ಗೂಟ ಮಾಡಿ ಒತ್ತೊತ್ತಾಗಿ ಹುಗಿದರೆ ಅಂಚು ಸಿದ್ಧ. ಇದಕ್ಕೆ ಕೂಲಿ ಬಿಟ್ಟರೆ ಬೇರೆ ಖರ್ಚಿಲ್ಲ. ಗೆದ್ದಲು ತಿಂದ ಗೂಟವನ್ನು ಕಿತ್ತು ಹೊಸದು ಹಾಕಿದರಾಯಿತು.

ಹಸಿರು ಅಂಚು

ಕಲ್ಲು, ಇಟ್ಟಿಗೆ ಸಿಗದ ಕಡೆ ಗಿಡವನ್ನೇ ಅಂಚಾಗಿ ಬೆಳೆಸಬಹುದು. ಬಿಸಿಲು ತಡೆಯುವ ಟೇಬಲ್ ರೋಸ್ ತುಂಡಿನಿಂದ ಬೆಳೆಯುತ್ತದೆ. ಮಳೆ ಲಿಲ್ಲಿಯ ಗಡ್ಡೆ ತಾನೇ ಮರಿ ಹಾಕುತ್ತದೆ. ಸದಾಪುಷ್ಪ ಬೀಜದಿಂದ ಏಳುತ್ತದೆ. 15 ಸೆಂ.ಮೀ. ಅಂತರದಲ್ಲಿ ನೆಟ್ಟರೆ 8 ಮೀಟರಿಗೆ ಸುಮಾರು 53 ಸಸಿ ಬೇಕು. ನೆರೆಮನೆಯಿಂದ ಒಂದು ಹಿಡಿ ತುಂಡು ತಂದರೆ ಟೇಬಲ್ ರೋಸ್ ಅಂಚಿಗೆ ದುಡ್ಡೇ ಬೇಡ. ಅಂಚಿನ ಗಿಡವೂ ನೀರು, ಗೊಬ್ಬರ ತಿನ್ನುವುದರಿಂದ ಒಳಗಿನ ಸಾಲಿಗೂ ಅದಕ್ಕೂ ಒಂದು ಗೇಣು ಜಾಗ ಬಿಡಬೇಕು. ಆಗಾಗ ಸವರುತ್ತಿರಬೇಕು.

ಇವು ಬೇಡ

ಹತ್ತಿ ಕಟ್ಟಿಗೆ ಎಷ್ಟೇ ಸುಲಭವಾಗಿ ಸಿಕ್ಕರೂ ಅಂಚಿಗೆ ಬಳಸಬಾರದು. ಅದರಲ್ಲಿ ಉಳಿದ ಒಣ ಕಾಯಿಗಳಲ್ಲಿ ಗುಲಾಬಿ ಕಾಯಿಕೊರಕದ ಹುಳು ಅಡಗಿದ್ದು ಮುಂದಿನ ಹಂಗಾಮಿನ ಹತ್ತಿಗೆ ದಾಟುತ್ತದೆ. ಅಂಗಳದ ಅಂದಕ್ಕಾಗಿ ಹೊಲದ ಬೆಳೆಯನ್ನು ಅಪಾಯಕ್ಕೆ ಒಡ್ಡಬಾರದು. ಗಾಜಿನ ಬಾಟಲಿ ಒಡೆದರೆ ಮಕ್ಕಳ ಕಾಲಿಗೂ ದನದ ಗೊರಸಿಗೂ ಗಾಯ. ಎರೆಮಣ್ಣು ಮೊದಲೇ ಕ್ಷಾರದ ಕಡೆಗಿರುವುದರಿಂದ ಕಲ್ಲಿಗೆ ಬಳಿದು ಮಿಕ್ಕ ಸುಣ್ಣದ ನೀರನ್ನು ಮಡಿಗೆ ಚೆಲ್ಲಬಾರದು. ಬಣ್ಣ ಬೇಕೆಂದರೆ ಕೆಮ್ಮಣ್ಣು ಬಳಿಯಬಹುದು.

ನೀರಿಗೆ ದಾರಿ

ಅಂಚು ಮಡಿಯ ಮಣ್ಣಿಗಿಂತ ನಾಲ್ಕು ಬೆರಳು ಮೇಲಿದ್ದರೆ ಸಾಕು. ಇಳಿಜಾರಿನ ಕಡೆ ಎರಡು ಬೆರಳಿನಷ್ಟು ಸಂದನ್ನು ಒಂದೆರಡು ಕಡೆ ಬಿಟ್ಟು, ಅಲ್ಲಿ ಜಲ್ಲಿ ತುಂಬಬೇಕು. ಇಲ್ಲದಿದ್ದರೆ ಅಂಚೇ ಒಡ್ಡಾಗಿ ನೀರು ನಿಂತು ಸೇವಂತಿಗೆ, ಕನಕಾಂಬರದ ಬೇರು ಕೊಳೆಯುತ್ತದೆ. ಮಳೆ ನಿಂತ ಮೇಲೆ ಮಡಿಯೊಳಗೆ ಎರಡು ಬೆರಳು ದಪ್ಪ ಭತ್ತದ ಹೊಟ್ಟು ಹರಡಿದರೆ ತೇವ ಆರುವುದು ತಡವಾಗುತ್ತದೆ, ಬಿರುಕೂ ಕಡಿಮೆಯಾಗುತ್ತದೆ. ಸಿರುಗುಪ್ಪ ಕಡೆಯ ಅಕ್ಕಿ ಗಿರಣಿಗಳಲ್ಲಿ ಹೊಟ್ಟು ಸಿಗುತ್ತದೆ.

ವರ್ಷಕ್ಕೆ ಎರಡು ಬಾರಿ, ಮುಂಗಾರಿಗೆ ಮೊದಲು ಮತ್ತು ಹಿಂಗಾರು ಮುಗಿದ ಮೇಲೆ, ಅಂಚನ್ನು ಒಮ್ಮೆ ಸುತ್ತಿ ನೋಡಿ, ಸರಿದ ಕಲ್ಲನ್ನು ಕೂರಿಸಿ, ಗರಸು ಇಳಿದಲ್ಲಿ ತುಂಬಿ. ಸಿಮೆಂಟಿಗೆ ಹಾಕಬೇಕಾದ ಹಣವನ್ನು ಒಳ್ಳೆಯ ಸಸಿ ಮತ್ತು ಗೊಬ್ಬರಕ್ಕೆ ಹಾಕಿದರೆ ಅದು ಹೂವಾಗಿ ಮನೆಗೆ ಬರುತ್ತದೆ.