ಸೊಸೆಯ ಜೊತೆ ಚರ್ಚಿಗೆ ಹೋದಾಗ ‘ವಿಶ್ವಾಸ ಪ್ರಮಾಣ’ ಹೇಳಬಹುದೆ?

ಪ್ರಶ್ನೆ: ನಮ್ಮ ಸೊಸೆ ಕ್ಯಾಥೊಲಿಕ್ ಮನೆತನದವಳು. ಹಬ್ಬದ ದಿನ ಅವಳ ಜೊತೆ ಚರ್ಚಿಗೆ ಹೋಗುತ್ತೇವೆ. ಗುರುಗಳ ಪ್ರವಚನ ಮುಗಿದ ಮೇಲೆ ಎಲ್ಲರೂ ಎದ್ದು ನಿಂತು ಒಂದೇ ದನಿಯಲ್ಲಿ ಏನೋ ಹೇಳುತ್ತಾರೆ. ಅದು ‘ವಿಶ್ವಾಸ ಪ್ರಮಾಣ’ ಅಂತೆ. ನಾವೂ ಪುಸ್ತಕ ನೋಡಿಕೊಂಡು ಹೇಳಬಹುದೆ? ಸುಮ್ಮನೆ ನಿಂತರೆ ಬೀಗರಿಗೆ ಬೇಸರವಾದೀತೆ?
– ಒಬ್ಬ ಗೃಹಿಣಿ, ಬೆಂಗಳೂರು

ಉತ್ತರ: ತಾಯಿ, ಅದು ಸ್ತೋತ್ರವಲ್ಲ, ದೇವರಲ್ಲಿ ಏನನ್ನಾದರೂ ಬೇಡುವ ಪ್ರಾರ್ಥನೆಯೂ ಅಲ್ಲ. ‘ನಾನು ಇದನ್ನು ನಂಬುತ್ತೇನೆ’ ಅಂತ ಎಲ್ಲರೆದುರು ಕೊಡುವ ಮಾತು. ಸೃಷ್ಟಿಕರ್ತನಾದ ತಂದೆ, ಶಿಲುಬೆಯಲ್ಲಿ ಸತ್ತು ಮೂರನೆಯ ದಿನ ಎದ್ದ ಯೇಸು, ಪವಿತ್ರಾತ್ಮ, ಧರ್ಮಸಭೆ, ಸತ್ತವರ ಪುನರುತ್ಥಾನ – ಇವು ಅದರಲ್ಲಿ ಕ್ರಮವಾಗಿ ಬರುತ್ತವೆ.

ಇದರ ಬೇರು ಜ್ಞಾನಸ್ನಾನದಲ್ಲಿದೆ. ಆಗ ‘ನಂಬುತ್ತೀರಾ?’ ಎಂದು ಕೇಳುತ್ತಾರೆ, ‘ನಂಬುತ್ತೇನೆ’ ಎನ್ನಬೇಕು. ಕೂಸಾದರೆ ತಂದೆತಾಯಿ ಉತ್ತರ ಕೊಡುತ್ತಾರೆ. ಪ್ರತಿ ಭಾನುವಾರ ಹೇಳುವುದು ಅದೇ ಉತ್ತರವನ್ನು. ಕ್ರಿ.ಶ. 325ರಲ್ಲಿ ನೈಸಿಯಾದಲ್ಲಿ, ಅಂದರೆ ಈಗಿನ ತುರ್ಕಿಯಲ್ಲಿ, ಬಿಷಪ್ಪರು ಸಭೆ ಸೇರಿದರು. ಯೇಸು ದೇವರೇ ಹೌದೋ, ದೇವರಿಂದ ಸೃಷ್ಟಿಯಾದವನೋ ಎಂಬ ವಿವಾದ ಎದ್ದಿತ್ತು. ದೇವರೇ ಎಂದು ತೀರ್ಮಾನಿಸಿ ಬರೆದ ಪಾಠ ‘ನಾವು ನಂಬುತ್ತೇವೆ’ ಎಂದು ಶುರುವಾಗುತ್ತಿತ್ತು. ಪೂಜೆಯಲ್ಲಿ ಅದು ‘ನಾನು’ ಆಯಿತು. ಹೇಳುವವರು ನೂರು ಜನ, ಹೊಣೆ ಒಬ್ಬೊಬ್ಬರದು. ಒಟ್ಟಿಗೆ ಹೇಳುವುದರ ಅರ್ಥ ಇದೇ: ಒಬ್ಬನ ಮನಸ್ಸು ಅಳ್ಳಾಡಿದ ದಿನ ಪಕ್ಕದವರ ದನಿ ಅವನಿಗೆ ಆಸರೆ.

ನಮ್ಮಲ್ಲಿ ಸಹಸ್ರನಾಮ ಪಾರಾಯಣಕ್ಕೆ ಯಾರು ಬಂದರೂ ದನಿಗೂಡಿಸಬಹುದು. ಆದರೆ ಅಭಿವಾದನೆ ಮಾಡುವಾಗ ಹೇಳುವ ಗೋತ್ರ, ಪ್ರವರ ಹಾಗಲ್ಲ. ಇನ್ನೊಬ್ಬರ ಪ್ರವರವನ್ನು ನಾವು ಹೇಳಿದರೆ ಅದು ಗೌರವವಾಗುತ್ತದೆಯೆ? ವಿಶ್ವಾಸ ಪ್ರಮಾಣ ಈ ಎರಡನೆಯ ಜಾತಿಗೆ ಹತ್ತಿರ.

ಹಾಗಾಗಿ ಎಲ್ಲರ ಜೊತೆ ಎದ್ದು ನಿಲ್ಲಿ, ಕೈ ಮುಗಿದು ಮೌನವಾಗಿರಿ. ನಂಬದ್ದನ್ನು ಬಾಯಿಮಾತಿಗೆ ಹೇಳದಿರುವುದೇ ಮರ್ಯಾದೆ. ಬೀಗರೂ ತಪ್ಪು ತಿಳಿಯಲಾರರು. ಆಮೇಲೆ ಕೊಡುವ ಪರಮಪ್ರಸಾದವೂ ಹೀಗೆಯೇ. ಹೆಸರು ಕೇಳಿ ನಮ್ಮ ಪ್ರಸಾದದಂತೆ ಅಂತ ಕೈ ಚಾಚಬೇಡಿ, ಕುಳಿತಲ್ಲೇ ಇರಿ.

ಇದೇ ನ್ಯಾಯ ನಮ್ಮ ಮನೆಗೂ ಉಂಟು. ಹಬ್ಬದ ದಿನ ಸೊಸೆ ಮಂಗಳಾರತಿಗೆ ಬಂದು ನಿಂತರೆ ಸಂತೋಷಪಡಿ. ಸಂಕಲ್ಪ ಹೇಳು ಅಂತ ಒತ್ತಾಯ ಬೇಡ. ಬಿಡುವಾದಾಗ ವಿಶ್ವಾಸ ಪ್ರಮಾಣದ ಅರ್ಥವನ್ನು ಅವಳಿಂದಲೇ ಕೇಳಿ ತಿಳಿದುಕೊಳ್ಳಿ.