ಹಳೆಯ ಮೋಟಾರು ಮತ್ತು ಎಣ್ಣೆಯ ಒತ್ತಡ

ನಮ್ಮ ಹಿರಿಯರು ದೂರದ ಊರಿಗೆ ಗಾಡಿ ಹೂಡುವ ಮುನ್ನ ಅದರ ಅಚ್ಚಿಗೆ ಕೀಲೆಣ್ಣೆ ಹಾಕುತ್ತಿದ್ದರು. ಎಣ್ಣೆ ಕಾಣದ ಗಾಲಿಯು ಕಿರುಗುಟ್ಟಿ ತನ್ನ ಕಷ್ಟವನ್ನು ದಾರಿಯುದ್ದಕ್ಕೂ ಸಾರುತ್ತಿತ್ತು. ಮೋಟಾರಿನ ಎಂಜಿನ್ನು ಅಷ್ಟು ಬಾಯಿಬಿಟ್ಟು ಮಾತನಾಡುವುದಿಲ್ಲ. ಉಜ್ಜಾಡುವ ಭಾಗಗಳೆಲ್ಲ ಅದರ ಹೊಟ್ಟೆಯೊಳಗೆ ಮುಚ್ಚಿರುತ್ತವೆ. ಅವು ಸದ್ದು ಮಾಡುವ ವೇಳೆಗೆ ಕೆಡಬೇಕಾದುದು ಬಹುಮಟ್ಟಿಗೆ ಕೆಟ್ಟುಹೋಗಿರುತ್ತದೆ. ಆದುದರಿಂದ ಸದ್ದಾಗುವುದಕ್ಕೆ ಮೊದಲೇ ಒಳಗಿನ ಸ್ಥಿತಿಯನ್ನು ಅರಿಯಬೇಕು. ಅದಕ್ಕಾಗಿ ನಮಗಿರುವ ಮುಖ್ಯ ಕುರುಹುಗಳಲ್ಲಿ ಎಣ್ಣೆಯ ಒತ್ತಡವೂ ಒಂದು. ಆ ಒತ್ತಡವನ್ನು ಪರೀಕ್ಷಿಸುವ ಬಗೆ ಹೇಗೆ, ವಯಸ್ಸಾದ ಕಾರಿಗೆ ಎಂಥ ಎಣ್ಣೆ ತಕ್ಕುದು ಎಂಬುದನ್ನು ಈ ಪಾಠದಲ್ಲಿ ವಿಚಾರ ಮಾಡೋಣ.

ನಮಗೆ ಪರಿಚಿತವಾದ ಒಂದು ಕಾರು

ಮುಂಬಯಿಯಲ್ಲಿ ಓದುವ ನಾವು ಉದಾಹರಣೆಯನ್ನು ದೂರ ಹುಡುಕಬೇಕಾಗಿಲ್ಲ. ಇಲ್ಲಿಯ ಕುರ್ಲಾದ ಕಾರ್ಖಾನೆಯಲ್ಲಿ 1964ರಿಂದ ಫಿಯಟ್ 1100 ಮಾದರಿಯ ಹೊಸ ಕಾರು ತಯಾರಾಗತೊಡಗಿತು. 1974ರಲ್ಲಿ ಅದಕ್ಕೆ ಪ್ರೀಮಿಯರ್ ಪದ್ಮಿನಿ ಎಂಬ ಹೆಸರಾಯಿತು. ಕಪ್ಪು ಹಳದಿ ಬಣ್ಣ ತೊಟ್ಟು ಟ್ಯಾಕ್ಸಿಗಳಾಗಿ ಈ ಕಾರುಗಳು ನಗರದ ಬೀದಿಗಳಲ್ಲಿ ದಶಕಗಳ ಕಾಲ ದುಡಿದುವು. ಟ್ಯಾಕ್ಸಿಗಳಿಗೆ ವಿಧಿಸಿದ 20 ವರ್ಷಗಳ ವಯೋಮಿತಿಯಿಂದಾಗಿ 2023ರ ಅಕ್ಟೋಬರಿನಲ್ಲಿ ಪದ್ಮಿನಿ ಟ್ಯಾಕ್ಸಿಗಳ ಸೇವೆ ಕೊನೆಗೊಂಡಿತು. ಆದರೂ ಕೆಲವರು ತಮ್ಮ ಸ್ವಂತದ ಪದ್ಮಿನಿಯನ್ನು ಅಕ್ಕರೆಯಿಂದ ಉಳಿಸಿಕೊಂಡಿದ್ದಾರೆ. ಇದರ ಎಂಜಿನ್ನಿಗೆ ನಾಲ್ಕು ಸಿಲಿಂಡರುಗಳು. ಒಟ್ಟು ಗಾತ್ರ 1089 ಘನ ಸೆಂಟಿಮೀಟರು. ಮುಂದೆ ನಾವು ಹೇಳುವ ಮಾತುಗಳು ಇಂಥ ಹಳೆಯ ಪೆಟ್ರೋಲು ಎಂಜಿನ್ನುಗಳೆಲ್ಲಕ್ಕೂ ಅನ್ವಯಿಸುತ್ತವೆ.

ಎಣ್ಣೆಯು ಮಾಡುವ ಕೆಲಸ

ಎಂಜಿನ್ನಿನ ತಳದಲ್ಲಿ ಎಣ್ಣೆ ನಿಲ್ಲುವ ತೊಟ್ಟಿಯೊಂದಿದೆ. ಅಲ್ಲಿಂದ ಪಂಪು ಎಣ್ಣೆಯನ್ನು ಜಾಲರಿಯ ಮೂಲಕ ಹೀರಿ, ಸಣ್ಣ ಕಾಲುವೆಗಳಲ್ಲಿ ನೂಕಿ, ಬೇರಿಂಗುಗಳಿಗೆ ಮುಟ್ಟಿಸುತ್ತದೆ. ಬೇರಿಂಗುಗಳ ಅಂಚಿನಿಂದ ಜಾರಿದ ಎಣ್ಣೆ ಮರಳಿ ತೊಟ್ಟಿಗೆ ಬೀಳುತ್ತದೆ. ತಿರುಗುವ ಉಕ್ಕಿನ ದಂಡವು ಬೇರಿಂಗಿನ ಲೋಹವನ್ನು ಮುಟ್ಟದಂತೆ ಎಣ್ಣೆಯ ತೆಳುವಾದ ಪೊರೆಯೊಂದು ನಡುವೆ ನಿಂತು ಭಾರ ಹೊರುತ್ತದೆ.

ಈ ಭಾರವನ್ನು ಹೊರುವ ಬಲವು ಪಂಪಿನದೆಂದು ಹಲವರು ತಿಳಿದಿದ್ದಾರೆ. ಅದು ಹಾಗಲ್ಲ. 1883ರಲ್ಲಿ ಇಂಗ್ಲೆಂಡಿನ ಬೀಚಮ್ ಟವರ್ ಎಂಬ ಎಂಜಿನಿಯರು ಬೇರಿಂಗುಗಳ ಮೇಲೆ ಪ್ರಯೋಗ ನಡೆಸುತ್ತಿದ್ದರು. ಕೆಳಭಾಗವು ಎಣ್ಣೆಯಲ್ಲಿ ಅದ್ದಿದ್ದ ದಂಡದ ಮೇಲೆ ಹಿತ್ತಾಳೆಯ ಬೇರಿಂಗನ್ನು ಹೇರಿ, ಅದರ ನೆತ್ತಿಯಲ್ಲಿ ರಂಧ್ರ ಕೊರೆಸಿದ್ದರು. ದಂಡ ತಿರುಗಿದೊಡನೆ ಆ ರಂಧ್ರದಿಂದ ಎಣ್ಣೆ ಮೇಲಕ್ಕೆ ಉಕ್ಕಿತು. ಬೆಣೆ ಬಡಿದರೂ ಅದು ಹೊರಕ್ಕೆ ಬಂದುಬಿಟ್ಟಿತು. ಒತ್ತಡಮಾಪಕವನ್ನು ಜೋಡಿಸಿದಾಗ ಅದರ ಮುಳ್ಳು ಚದರ ಅಂಗುಲಕ್ಕೆ 200 ಪೌಂಡಿನ ಗುರುತನ್ನೂ ದಾಟಿತು; ಹೇರಿದ್ದ ಭಾರವೋ ಸರಾಸರಿ 100 ಪೌಂಡು ಮಾತ್ರ. ಅಲ್ಲಿ ಪಂಪು ಇರಲೇ ಇಲ್ಲ! ತಿರುಗುವ ದಂಡವು ಎಣ್ಣೆಯನ್ನು ಕಿರಿದಾದ ಸಂದಿನೊಳಕ್ಕೆ ಎಳೆದುಕೊಂಡು ಹೋಗಿ, ತಾನೇ ಒತ್ತಡವನ್ನು ಹುಟ್ಟಿಸಿಕೊಂಡು, ಅದರ ಮೇಲೆ ತೇಲುತ್ತಿತ್ತು. 1886ರಲ್ಲಿ ಆಸ್ಬರ್ನ್ ರೆನಾಲ್ಡ್ಸ್ ಇದನ್ನು ಗಣಿತದಿಂದ ವಿವರಿಸಿದರು.

ಹಾಗಾದರೆ ಪಂಪಿನ ಕೆಲಸವೇನು? ಬೇರಿಂಗಿಗೆ ಎಣ್ಣೆ ಎಂದೂ ಬರಿದಾಗದಂತೆ ಒದಗಿಸುವುದು. ಕಾರಿನ ಮಾಪಕವು ತೋರಿಸುವುದು ಈ ಪಂಪಿನ ಒತ್ತಡವನ್ನೇ.

ಒತ್ತಡ ಇಳಿಯುವುದೇಕೆ?

ನಲ್ಲಿಗೆ ರಬ್ಬರಿನ ಕೊಳವೆ ಸಿಕ್ಕಿಸಿ ಅದರ ಬಾಯನ್ನು ಹೆಬ್ಬೆರಳಿನಿಂದ ಅದುಮಿದರೆ ಒಳಗಿನ ಒತ್ತಡ ಏರುತ್ತದೆ. ಕೊಳವೆ ಹರಿದಿದ್ದರೆ ಇಳಿಯುತ್ತದೆ. ಎಂಜಿನ್ನಿನಲ್ಲಿಯೂ ಹೀಗೆಯೇ. ಹೊಸ ಬೇರಿಂಗಿನ ಸಂದು ಮಿಲಿಮೀಟರಿನ ನೂರನೆಯ ಕೆಲವು ಪಾಲುಗಳಷ್ಟು ಕಿರಿದು. ಸಾವಿರಾರು ಮೈಲಿ ಓಡಿ ಸವೆದಾಗ ಅದು ಅಗಲವಾಗುತ್ತದೆ. ಇಲ್ಲೊಂದು ಗಣಿತವನ್ನು ಗಮನಿಸಬೇಕು. ಕಿರಿದಾದ ಸಂದಿನಿಂದ ಸೋರುವ ಎಣ್ಣೆಯ ಪ್ರಮಾಣವು ಸಂದಿನ ಅಳತೆಯ ಘನಕ್ಕೆ ಅನುಗುಣವಾಗಿರುತ್ತದೆ. ಸಂದು ಇಮ್ಮಡಿಯಾದರೆ, ಅದೇ ಒತ್ತಡದಲ್ಲಿ, ಸೋರಿಕೆ ಎಂಟು ಪಟ್ಟಾಗುತ್ತದೆ. ಪಂಪಾದರೋ ಎಂಟು ಪಟ್ಟು ಎಣ್ಣೆಯನ್ನು ನೂಕಲಾರದು. ಆಗ ಮುಳ್ಳು ಇಳಿಯುತ್ತದೆ.

ಸವೆತವೊಂದೇ ಕಾರಣವಲ್ಲ. ತೊಟ್ಟಿಯಲ್ಲಿ ಎಣ್ಣೆ ಕಡಮೆಯಾಗಿರಬಹುದು, ಜಾಲರಿಯಲ್ಲಿ ಜಿಡ್ಡು ಕಟ್ಟಿರಬಹುದು, ಪಂಪೇ ಸವೆದಿರಬಹುದು, ಹೆಚ್ಚಿನ ಒತ್ತಡವನ್ನು ಹೊರಬಿಡುವ ಕವಾಟವು ತೆರೆದುಕೊಂಡೇ ಸಿಕ್ಕಿಬಿದ್ದಿರಬಹುದು, ಪೆಟ್ರೋಲು ಬೆರೆತು ಎಣ್ಣೆ ತೆಳ್ಳಗಾಗಿರಬಹುದು. ಮುಳ್ಳು ಇಳಿದಿದೆಯೆಂದು ಮಾತ್ರ ಮಾಪಕ ಹೇಳುತ್ತದೆ. ಏಕೆ ಇಳಿಯಿತೆಂಬುದನ್ನು ನಾವು ಹುಡುಕಬೇಕು.

ಪರೀಕ್ಷೆಯ ಕ್ರಮ

ಮೊದಲನೆಯದು ಅಳತೆಯ ಕಡ್ಡಿ. ಕಾರನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಎಂಜಿನ್ನನ್ನು ಆರಿಸಿ, ಎಣ್ಣೆ ತಳಕ್ಕಿಳಿಯಲು ಕೆಲವು ನಿಮಿಷ ಕಾಯಬೇಕು. ಕಡ್ಡಿಯನ್ನು ಎಳೆದು ಒರಸಿ, ಮತ್ತೆ ಪೂರ್ತಿ ಇಳಿಸಿ ತೆಗೆದಾಗ ಎಣ್ಣೆಯ ಗೆರೆ ಎರಡು ಗುರುತುಗಳ ನಡುವೆ ಇರಬೇಕು. ಮೇಲಿನ ಗುರುತನ್ನು ಮೀರುವುದೂ ದೋಷವೇ. ತಿರುಗುವ ದಂಡವು ಹೆಚ್ಚಿನ ಎಣ್ಣೆಯನ್ನು ಕಡೆದು ನೊರೆಯೆಬ್ಬಿಸುತ್ತದೆ. ಕಡ್ಡಿಯ ಎಣ್ಣೆಯನ್ನು ಮೂಸಿ ನೋಡಬೇಕು. ಪೆಟ್ರೋಲಿನ ವಾಸನೆ ಬಲವಾಗಿದ್ದರೆ ಇಂಧನವು ಒಳಗೆ ಸೋರುತ್ತಿದೆ. ಹಾಲು ಬೆರೆಸಿದ ಕಾಫಿಯ ಬಣ್ಣವಿದ್ದರೆ ನೀರು ಸೇರಿದೆ.

ಎರಡನೆಯದು ಕೆಂಪು ದೀಪ. ಹಲವು ಕಾರುಗಳಲ್ಲಿ ಮಾಪಕವಿರುವುದಿಲ್ಲ, ದೀಪ ಮಾತ್ರ ಇರುತ್ತದೆ. ಸಾಮಾನ್ಯವಾಗಿ ಚದರ ಅಂಗುಲಕ್ಕೆ 4ರಿಂದ 7 ಪೌಂಡಿಗಿಂತ ಒತ್ತಡ ಇಳಿದಾಗ ಅದು ಹೊತ್ತಿಕೊಳ್ಳುತ್ತದೆ. ಆದುದರಿಂದ ದೀಪ ಆರಿದ ಮಾತ್ರಕ್ಕೆ ಎಲ್ಲವೂ ಕ್ಷೇಮವೆಂದು ತಿಳಿಯಲಾಗದು. ಓಡುವಾಗ ಅದು ಹೊತ್ತಿದರೆ ಕಾರನ್ನು ಕೂಡಲೇ ಬದಿಗೆ ನಿಲ್ಲಿಸಿ ಎಂಜಿನ್ನನ್ನು ಆರಿಸತಕ್ಕದ್ದು.

ಮೂರನೆಯದು ಮಾಪಕದ ಪರೀಕ್ಷೆ. ಇದನ್ನು ಗ್ಯಾರೇಜಿನ ಮೇಸ್ತ್ರಿಯ ಸಮಕ್ಷಮದಲ್ಲಿ, ಗಾಳಿಯಾಡುವ ಸ್ಥಳದಲ್ಲಿ ಮಾಡಬೇಕು. ಬಿಸಿ ಎಣ್ಣೆ ಕೈ ಸುಡುತ್ತದೆ, ಹೊಗೆ ಪ್ರಾಣಾಪಾಯಕರ. ದೀಪದ ಸ್ವಿಚ್ಚನ್ನು ಬಿಚ್ಚಿ, ಆ ಜಾಗದಲ್ಲಿ ಪರೀಕ್ಷೆಯ ಮಾಪಕವನ್ನು ತಿರುಪಿ, ಎಂಜಿನ್ನು ಚೆನ್ನಾಗಿ ಬಿಸಿಯಾದ ಮೇಲೆ ಅಂಕಿಗಳನ್ನು ಬರೆದುಕೊಳ್ಳಬೇಕು. ಬಿಸಿಯಾದ ಎಂಜಿನ್ನಿಗೆ ನಿಮಿಷಕ್ಕೆ 1000 ಸುತ್ತಿಗೆ ಸುಮಾರು 10 ಪೌಂಡು ಒತ್ತಡವಿರಬೇಕೆಂಬುದು ಕುಶಲಕರ್ಮಿಗಳ ಸ್ಥೂಲ ನಿಯಮ. ಆಯಾ ಕಾರಿನ ಕೈಪಿಡಿಯ ಅಂಕಿಯೇ ಅಂತಿಮ.

ಎರಡು ಕಾರುಗಳನ್ನು ಊಹಿಸಿಕೊಳ್ಳೋಣ. ಬೆಳಗ್ಗೆ ತಣ್ಣಗಿದ್ದಾಗ ಎರಡರಲ್ಲಿಯೂ 45 ಪೌಂಡು. ಬಿಸಿಯಾದ ಮೇಲೆ ಮೊದಲನೆಯದರಲ್ಲಿ 800 ಸುತ್ತಿಗೆ 9, 2000 ಸುತ್ತಿಗೆ 24. ಎರಡನೆಯದರಲ್ಲಿ 800 ಸುತ್ತಿಗೆ 4, 2000 ಸುತ್ತಿಗೆ 11. ಮೊದಲನೆಯದು ಆರೋಗ್ಯವಾಗಿದೆ, ಎರಡನೆಯದು ಬೇನೆ ಬಿದ್ದಿದೆ. ತಣ್ಣನೆಯ ಎಣ್ಣೆ ದಪ್ಪವಾಗಿದ್ದುದರಿಂದ ಬೆಳಗ್ಗೆ ಈ ಭೇದ ಕಾಣಲಿಲ್ಲ.

ಎಣ್ಣೆಯನ್ನು ಆರಿಸುವುದು

ಜೋನಿಬೆಲ್ಲ ನಿಧಾನವಾಗಿ ಹರಿಯುತ್ತದೆ, ನೀರು ಬೇಗ ಹರಿಯುತ್ತದೆ. ಹರಿವಿಗೆ ಒಡ್ಡುವ ಈ ಪ್ರತಿರೋಧಕ್ಕೆ ಸ್ನಿಗ್ಧತೆ ಎಂದು ಹೆಸರು. ಡಬ್ಬಿಯ ಮೇಲಿನ ‘20ಡಬ್ಲ್ಯು-40’ ಎಂಬ ಅಂಕಿತವು ಸ್ನಿಗ್ಧತೆಯ ದರ್ಜೆಯೇ ಹೊರತು ಎಣ್ಣೆಯ ಗುಣದ ಅಂಕವಲ್ಲ. ಅಮೆರಿಕದ ಮೋಟಾರು ಎಂಜಿನಿಯರುಗಳ ಸಂಘವು 1911ರಿಂದ ಇಂಥ ದರ್ಜೆಗಳನ್ನು ಗೊತ್ತುಪಡಿಸುತ್ತ ಬಂದಿದೆ. ಡಬ್ಲ್ಯು ಎಂದರೆ ಚಳಿಗಾಲದ ಗುರುತು. 20ಡಬ್ಲ್ಯು ದರ್ಜೆಯನ್ನು ಸೊನ್ನೆಗಿಂತ 15 ಡಿಗ್ರಿ ಸೆಲ್ಸಿಯಸ್ ಕೆಳಗೆ ಪರೀಕ್ಷಿಸುತ್ತಾರೆ. ಮುಂಬಯಿಯಲ್ಲಿ ಅಂಥ ಚಳಿಯಿಲ್ಲ. ಆದುದರಿಂದ ಮೊದಲ ಅಂಕಿ ನಮ್ಮನ್ನು ಹೆಚ್ಚು ಕಾಡುವುದಿಲ್ಲ. ಎರಡನೆಯ ಅಂಕಿ 100 ಡಿಗ್ರಿ ಬಿಸಿಯಲ್ಲಿ ಎಣ್ಣೆ ಎಷ್ಟು ದಪ್ಪವೆಂಬುದನ್ನು ಹೇಳುತ್ತದೆ. ಅಲ್ಲಿ 40ರ ದರ್ಜೆಗೆ 12.5ರಿಂದ 16.3 ಸೆಂಟಿಸ್ಟೋಕು, 50ರ ದರ್ಜೆಗೆ 16.3ರಿಂದ 21.9 ಸೆಂಟಿಸ್ಟೋಕು.

ಗುಣವನ್ನು ತಿಳಿಸುವುದು ಬೇರೆ ಅಕ್ಷರಗಳು. ಅಮೆರಿಕದ ಪೆಟ್ರೋಲಿಯಮ್ ಸಂಸ್ಥೆಯ ಕ್ರಮದಲ್ಲಿ ಪೆಟ್ರೋಲು ಎಂಜಿನ್ನಿನ ಎಣ್ಣೆಗೆ ‘ಎಸ್’, ಡೀಸೆಲಿಗೆ ‘ಸಿ’. ಎಸ್‌ಜೆ, ಎಸ್‌ಎಲ್, ಎಸ್‌ಎನ್ ಎಂದು ಎರಡನೆಯ ಅಕ್ಷರ ಮುಂದುವರಿದಂತೆ ಶ್ರೇಣಿ ಹೊಸದು. ಹಳೆಯ ಕಾರಿನವರು ಇನ್ನೊಂದು ಸಂಗತಿಯನ್ನು ತಿಳಿದಿರಬೇಕು. ಕ್ಯಾಮ್ ದಂಡಕ್ಕೂ ಅದರ ಮೇಲೆ ಉಜ್ಜುವ ಚಪ್ಪಟೆ ಟ್ಯಾಪೆಟ್ಟುಗಳಿಗೂ ಸವೆಯದಂತೆ ರಕ್ಷಣೆ ಕೊಡುವುದು ಸತು ಮತ್ತು ರಂಜಕದ ಸಂಯುಕ್ತ. ಹೊಸ ಕಾರುಗಳ ಹೊಗೆ ಶುದ್ಧೀಕರಿಸುವ ಸಾಧನಕ್ಕೆ ರಂಜಕ ಹಾನಿಕರವಾದುದರಿಂದ, 2004ರ ಎಸ್‌ಎಮ್ ಶ್ರೇಣಿಯಲ್ಲಿ ತೆಳು ದರ್ಜೆಗಳಿಗೆ ಅದರ ಮಿತಿಯನ್ನು ಶೇಕಡ 0.08ಕ್ಕೆ ಇಳಿಸಿದರು. ‘5ಡಬ್ಲ್ಯು-30’ರಂಥ ಹೊಸ ತೆಳು ಎಣ್ಣೆ ಎಷ್ಟೇ ಬೆಲೆಯುಳ್ಳದ್ದಾದರೂ ಹಳೆಯ ಎಂಜಿನ್ನಿಗೆ ಒಪ್ಪುವುದೆಂಬ ನಿಯಮವಿಲ್ಲ. ಕೈಪಿಡಿ ಹೇಳಿದ ದರ್ಜೆಯೇ ಮೊದಲ ಆಯ್ಕೆ.

ಮುಳ್ಳನ್ನು ಮೆಚ್ಚಿಸುವ ಎಣ್ಣೆ

ಒತ್ತಡ ಇಳಿದಾಗ ದಪ್ಪ ಎಣ್ಣೆ ಹಾಕೆಂಬ ಸಲಹೆ ಎಲ್ಲೆಡೆಯೂ ಕೇಳಿಬರುತ್ತದೆ. ಸವೆದ ಬೇರಿಂಗಿಗೆ ಒಂದು ಮೆಟ್ಟಲು ಮೇಲಿನ ದರ್ಜೆ, ಎಂದರೆ 40ರ ಬದಲು 50, ಕೊಂಚ ಆಸರೆ ಕೊಡುವುದು ನಿಜ. ದಪ್ಪ ಎಣ್ಣೆ ನಿಧಾನವಾಗಿ ಸೋರುತ್ತದೆ, ದಪ್ಪ ಪೊರೆ ಕಟ್ಟುತ್ತದೆ. ಆದರೆ ಇದು ಔಷಧವಲ್ಲ, ಊರುಗೋಲು. ಜಾಲರಿ ಕಟ್ಟಿಕೊಂಡಿದ್ದರೆ ದಪ್ಪ ಎಣ್ಣೆ ಇನ್ನೂ ಕಷ್ಟದಿಂದ ಒಳಸೇರುತ್ತದೆ. ಬೆಳಗ್ಗೆ ಎಂಜಿನ್ನು ಹೊರಟಾಗ ದೂರದ ಬೇರಿಂಗಿಗೆ ಅದು ತಡವಾಗಿ ತಲಪುತ್ತದೆ. ಆ ಹೊತ್ತಿನಲ್ಲಿ ಮಾಪಕ 50 ಪೌಂಡು ತೋರಿಸುತ್ತಿದ್ದರೂ ಬೇರಿಂಗು ಬರಿದಾಗಿರಬಹುದು. ಒತ್ತಡ ಬೇರೆ, ಹರಿವು ಬೇರೆ.

ಹಳೆಯ ಕಾರು ಮಾರುವಾಗ ಒಳಗಿನ ಬಡಿತ ಕೇಳಿಸದಂತೆ, ಮುಳ್ಳು ಇಳಿಯದಂತೆ ಬಹಳ ದಪ್ಪ ಎಣ್ಣೆ ತುಂಬುವವರುಂಟು. ಸಾಲ ಮಾಡಿ ಆ ಕಾರನ್ನು ಕೊಂಡು ಬಾಡಿಗೆಗೆ ಓಡಿಸುವವನು ಕೆಲವೇ ವಾರಗಳಲ್ಲಿ ಎಂಜಿನ್ನನ್ನು ಬಿಚ್ಚಿಸಬೇಕಾಗುತ್ತದೆ. ಆತನ ದಿನದ ದುಡಿಮೆ ನಿಲ್ಲುತ್ತದೆ. ಸಾಲದ ಕಂತು ನಿಲ್ಲುವುದಿಲ್ಲ. ಕೊಳ್ಳುವ ಮುನ್ನ ಎಂಜಿನ್ನನ್ನು ಅರ್ಧ ಗಂಟೆ ಓಡಿಸಿ, ಬಿಸಿಯಲ್ಲಿಯೇ ಮಾಪಕ ಜೋಡಿಸಿ ನೋಡಿದ್ದರೆ ಈ ನಷ್ಟ ಬಹುಶಃ ತಪ್ಪುತ್ತಿತ್ತು. ನಮ್ಮ ಮನೆಗಳಲ್ಲಿ ಮೋಟಾರಿನಿಂದ ಜೀವನ ಸಾಗಿಸುವವರಿದ್ದರೆ ಈ ಒಂದು ಮಾತನ್ನಾದರೂ ಅವರಿಗೆ ತಿಳಿಸೋಣ. ಮೊದಲು ಕಾರಣವನ್ನು ಕಂಡುಹಿಡಿಯಬೇಕು, ಎಣ್ಣೆಯ ದರ್ಜೆಯನ್ನು ಬದಲಿಸುವುದು ಅನಂತರದ ಮಾತು. ತೆಗೆದ ಹಳೆಯ ಎಣ್ಣೆಯನ್ನು ಮೋರಿಗೆ ಸುರಿಯದೆ, ಮುಚ್ಚಿದ ಡಬ್ಬಿಯಲ್ಲಿಟ್ಟು ಶುದ್ಧೀಕರಣಕ್ಕೆ ಕೊಂಡೊಯ್ಯುವವರಿಗೆ ಒಪ್ಪಿಸತಕ್ಕದ್ದು. ಮೋರಿಯ ನೀರು ಕೊನೆಗೆ ಸೇರುವುದು ನಮ್ಮ ಸಮುದ್ರವನ್ನೇ.

ಅಭ್ಯಾಸ

1. ಪದ್ಮಿನಿಯ ಸಿಲಿಂಡರಿನ ವ್ಯಾಸ 68 ಮಿಲಿಮೀಟರು, ಪಿಸ್ಟನ್ನಿನ ಓಟ 75 ಮಿಲಿಮೀಟರು. ನಾಲ್ಕು ಸಿಲಿಂಡರುಗಳ ಒಟ್ಟು ಗಾತ್ರವನ್ನು ಲೆಕ್ಕ ಮಾಡಿ, ಪಾಠದಲ್ಲಿ ಕೊಟ್ಟ ಅಂಕಿಯೊಡನೆ ಹೋಲಿಸಿರಿ.

2. ಬೇರಿಂಗಿನ ಸಂದು ಒಂದೂವರೆ ಪಟ್ಟಾದರೆ, ಅದೇ ಒತ್ತಡದಲ್ಲಿ ಸೋರಿಕೆ ಎಷ್ಟು ಪಟ್ಟಾಗುತ್ತದೆ?

3. ಟವರ್ ಅವರ ಪ್ರಯೋಗದಲ್ಲಿ ಪಂಪಿಲ್ಲದಿದ್ದರೂ ಒತ್ತಡ ಹುಟ್ಟಿದುದು ಹೇಗೆಂಬುದನ್ನು ಚಿತ್ರ ಬರೆದು ವಿವರಿಸಿರಿ.