ತಲೆಗೆ ಪೆಟ್ಟಾದ ಮೇಲೆ ಒಂದು ಎರಡಾಗಿ ಕಂಡರೆ

ಜೈನಾಪುರ, ಬಬಲೇಶ್ವರ, ತಿಕೋಟಾ ಕಡೆಯ ತಮ್ಮಂದಿರೇ, ತಂಗಿಯರೇ, ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದ ಮೇಲೆ ಒಂದು ವಸ್ತು ಎರಡಾಗಿ ಕಾಣುತ್ತಿದ್ದರೆ ಅದನ್ನು ನಿಶ್ಶಕ್ತಿ ಎಂದು ತಳ್ಳಿಹಾಕಬೇಡಿ. ಔಷಧದ ಅಂಗಡಿಯ ಕಣ್ಣಿನ ಹನಿ ಇದಕ್ಕೆ ಮದ್ದಲ್ಲ. ನಂಬರ್ ಬದಲಿಸಿದ ಚಷ್ಮಾವೂ ಅಲ್ಲ.

ಕಣ್ಣುಗುಡ್ಡೆಯನ್ನು ಹೊರಳಿಸುವವು ಮಿದುಳಿನಿಂದ ಬರುವ 3, 4 ಮತ್ತು 6ನೇ ನರಗಳು. ಇವುಗಳಲ್ಲಿ 4ನೆಯದು ತೀರ ತೆಳು, ಪೆಟ್ಟಿಗೆ ಬೇಗ ನಲುಗುತ್ತದೆ. ಆಗ ಮೆಟ್ಟಿಲು ಇಳಿಯುವಾಗ, ಓದುವಾಗ ಒಂದರ ಮೇಲೊಂದು ಎರಡು ಕಾಣುತ್ತವೆ. ತಲೆ ತಾನಾಗಿ ಒಂದು ಬದಿಗೆ ವಾಲುತ್ತದೆ. 6ನೆಯದು ಕೆಟ್ಟರೆ ಕಣ್ಣು ಹೊರಬದಿಗೆ ಹೊರಳುವುದಿಲ್ಲ.

ಒಂದೊಂದೇ ಕಣ್ಣು ಮುಚ್ಚಿ ನೋಡಿ. ಯಾವುದನ್ನು ಮುಚ್ಚಿದರೂ ಎರಡು ಕಾಣುವುದು ನಿಂತರೆ, ಎರಡು ಕಣ್ಣುಗಳ ಹೊಂದಾಣಿಕೆ ತಪ್ಪಿದೆ ಎಂದರ್ಥ. ಅಂದೇ ವಿಜಯಪುರಕ್ಕೆ ಹೋಗಿ ವೈದ್ಯರಿಗೆ ತೋರಿಸಿ. ಬಿದ್ದದ್ದನ್ನು ಮುಚ್ಚಿಡದೆ ಹೇಳಿ. ವೈದ್ಯರು ಹೇಳುವವರೆಗೆ ಬೈಕ್, ಟ್ರ್ಯಾಕ್ಟರ್ ಓಡಿಸಬೇಡಿ. ಬಾವಿಯ ಮೆಟ್ಟಿಲು ಇಳಿಯಬೇಡಿ.

ರೆಪ್ಪೆ ಜೋತುಬಿದ್ದು ಒಂದು ಕಣ್ಣಿನ ಪಾಪೆ ದೊಡ್ಡದಾದರೆ, ಅಥವಾ ವಾಂತಿ, ಮಂಪರು ಬಂದರೆ, ತಡಮಾಡದೆ 108ಕ್ಕೆ ಕರೆ ಮಾಡಿ. ಮಿದುಳಿನ ಮೇಲೆ ಒತ್ತಡ ಬಿದ್ದಿರಬಹುದು.

ಧೈರ್ಯಗೆಡಬೇಡಿ. ಅನೇಕರಿಗೆ ಸುಮಾರು 6 ತಿಂಗಳೊಳಗೆ ನರ ತಾನೇ ಚೇತರಿಸಿಕೊಳ್ಳುತ್ತದೆ. ಅಲ್ಲಿಯತನಕ ಒಂದು ಕಣ್ಣಿಗೆ ಪಟ್ಟಿ ಅಥವಾ ಪ್ರಿಸಂ ಚಷ್ಮಾ ಕೊಡುತ್ತಾರೆ. ಆಮೇಲೂ ಸರಿಹೋಗದಿದ್ದರೆ ಶಸ್ತ್ರಚಿಕಿತ್ಸೆ ಇದೆ. ಮತ್ತೆ ಪೆಟ್ಟಾಗದಂತೆ, ಬೈಕಿನಲ್ಲಿ ಹೊಲಕ್ಕೆ ಹೋಗುವಾಗಲೂ ಹೆಲ್ಮೆಟ್ ಹಾಕಿ, ಅದರ ಪಟ್ಟಿ ಬಿಗಿಯಿರಿ.